ಬಿಟ್ಟಿದ್ದಕ್ಕೆ ಏನು ಸಾಕ್ಷಿ?

ಅಮೆರಿಕದ ವಾಯವ್ಯ ತುದಿಯಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಕಡಲಕೊಲ್ಲಿಯ ಅಂಚಿಗೆ ಬ್ರೆಮರ್ಟನ್ ಎಂಬ ಊರು. ಎಂಬತ್ತರ ದಶಕದಲ್ಲಿ ಅಲ್ಲಿ ನೌಕಾಪಡೆಯ ಒಂದು ದುರಸ್ತಿ ಕೇಂದ್ರವಿತ್ತು. ಅಣ್ವಸ್ತ್ರ ಹೊತ್ತು ದಿನಗಟ್ಟಲೆ ನೀರಿನಡಿಯೇ ಇರುವ ಟ್ರೈಡೆಂಟ್ ಜಲಾಂತರ್ಗಾಮಿಗಳು ರಿಪೇರಿಗೆ ಬರುತ್ತಿದ್ದ ಜಾಗ. 1981ರ ನವೆಂಬರಿನಲ್ಲಿ ಥಾಮಸ್ ಈಗನ್ ಎಂಬಾತ ಅಲ್ಲಿ ಕೂಲಿಯಾಳಾಗಿ ಸೇರಿಕೊಂಡ. ಕೆಲಸ ಕೂಲಿಯದಾದರೂ ಜಾಗ ಅಂಥದ್ದು. ಅಲ್ಲಿನ ಪ್ರತಿಯೊಂದು ಹುದ್ದೆಯೂ ಸೂಕ್ಷ್ಮವೆಂದೇ ಲೆಕ್ಕ. ಭದ್ರತಾ ಅನುಮತಿ, ಅಲ್ಲಿನವರ ಬಾಯಲ್ಲಿ ಬರೀ ‘ಕ್ಲಿಯರೆನ್ಸ್’, ಇಲ್ಲದವರಿಗೆ ಅಲ್ಲಿ ಕೆಲಸವಿಲ್ಲ.

1983ರ ಫೆಬ್ರುವರಿಯಲ್ಲಿ ಆತನಿಗೆ ನೌಕಾಪಡೆಯಿಂದ ಪತ್ರ ಬಂತು. ನಿನಗೆ ಅನುಮತಿ ಕೊಡದಿರಲು ಯೋಚಿಸಿದ್ದೇವೆ, ಕಾರಣಗಳು ಹೀಗಿವೆ ಎಂಬ ಪತ್ರ. ಹಲ್ಲೆಯ ಅಪರಾಧ, ಶಿಕ್ಷೆಯಾದ ಮೇಲೂ ಬಂದೂಕು ಇಟ್ಟುಕೊಂಡ ಅಪರಾಧ, ಗುಂಡು ತುಂಬಿದ ಆಯುಧ ಒಯ್ದದ್ದಕ್ಕೆ ಹಿಂದೆ ಆಗಿದ್ದ ಎರಡು ಶಿಕ್ಷೆಗಳನ್ನು ಕೆಲಸದ ಅರ್ಜಿಯಲ್ಲಿ ಹೇಳದೇ ಹೋದದ್ದು. ಇದರ ಜೊತೆಗೆ ಇನ್ನೊಂದು: ತನಗೆ ಹಿಂದೆ ಕುಡಿತದ ತೊಂದರೆ ಇತ್ತು, ಜೈಲುಶಿಕ್ಷೆಯ ಕೊನೆಯ 28 ದಿನಗಳನ್ನು ಕುಡಿತ ಬಿಡಿಸುವ ಕೇಂದ್ರದಲ್ಲಿ ಕಳೆದೆ ಎಂದು ಈಗನ್ ಹೇಳಿದ್ದ. ಅದನ್ನು ಯಾರೂ ಪತ್ತೆ ಹಚ್ಚಬೇಕಾಗಿ ಬರಲಿಲ್ಲ. ಆತನ ಬಾಯಿಂದಲೇ ಬಂದ ಮಾತು ಅದು.

ಈಗನ್ ಉತ್ತರ ಬರೆದ. ಮಾಡಿದ ತಪ್ಪಿಗೆ ಸಮಾಜಕ್ಕೆ ತೆರಬೇಕಾದ್ದನ್ನು ತೆತ್ತಿದ್ದೇನೆ. ಕುಡಿತ ಈಗ ಮೂರು ವರ್ಷದಿಂದ ನನಗೆ ತೊಂದರೆಯಾಗಿಲ್ಲ. ಮೇಲಧಿಕಾರಿಗಳಿಂದ ಒಳ್ಳೆಯ ನಡತೆಯ ಮಾತುಗಳನ್ನೂ ಬರೆಸಿ ಲಗತ್ತಿಸಿದ. ಜುಲೈನಲ್ಲಿ ಅನುಮತಿ ನಿರಾಕರಣೆಯಾಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು. ಪ್ರಕರಣ ಒಂದೊಂದೇ ಮೆಟ್ಟಿಲೇರಿ ಸುಪ್ರೀಂ ಕೋರ್ಟ್ ತಲುಪಿತು. 1988ರ ಫೆಬ್ರುವರಿ 23ರಂದು ಐದಕ್ಕೆ ಮೂರು ಮತಗಳ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್. ಭದ್ರತಾ ಅನುಮತಿ ಯಾರ ಹಕ್ಕೂ ಅಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎನ್ನುವುದು ಮುಂದೆ ಏನಾದೀತೆಂಬ ಅಂದಾಜಿನ ಕೆಲಸ. ಆ ಅಂದಾಜು ಸರಿಯೋ ತಪ್ಪೋ ಎಂದು ಹೊರಗಿನ ಮಂಡಳಿಯೊಂದು ತೂಗುವಂತಿಲ್ಲ. ಇದು ಅದರ ಸಾರ.

ಹಾಗಾದರೆ ಈಗನ್ ನಿಜವಾಗಿ ಕುಡಿತ ಬಿಟ್ಟಿದ್ದನೇ? ಮೂರು ವರ್ಷ ಎಂಬ ಆತನ ಮಾತು ದಿಟವೇ? ಸುಪ್ರೀಂ ಕೋರ್ಟ್ ಆ ಪ್ರಶ್ನೆಯ ಹತ್ತಿರವೂ ಹೋಗಲಿಲ್ಲ. ಅದು ಅದರ ಕೆಲಸವೇ ಅಲ್ಲವೆಂಬುದೇ ತೀರ್ಪು. ಇಂದಿಗೂ ಅಮೆರಿಕದಲ್ಲಿ ಕ್ಲಿಯರೆನ್ಸಿನ ಬಗ್ಗೆ ಯಾವ ವಕೀಲ ಬಾಯಿ ತೆರೆದರೂ ಮೊದಲು ಬರುವ ಹೆಸರು ಈಗನ್. ಕುಡಿತ ಬಿಟ್ಟಿದ್ದೇನೆ ಎಂದ ಒಬ್ಬ ಕೂಲಿಯಾಳಿನ ಹೆಸರು ಒಂದು ಕಾನೂನಿನ ತತ್ವಕ್ಕೆ ಅಂಟಿಕೊಂಡಿತು, ಆತನ ಮಾತು ಮಾತ್ರ ಪರೀಕ್ಷೆಯಾಗದೆ ಹಾಗೆಯೇ ಉಳಿಯಿತು.

‘ಜಿ’ ಎಂಬ ಅಕ್ಷರ

ಗುಟ್ಟಿನ ಕಾಗದಗಳನ್ನು ನೋಡುವ ಅರ್ಹತೆ ಅಮೆರಿಕದಲ್ಲಿ ಬರೀ ಗೂಢಚಾರರಿಗಲ್ಲ. ಸುಮಾರು 40 ಲಕ್ಷ ಜನರಿಗೆ ಅದಿದೆ. ಹಡಗುಕಟ್ಟೆಯ ವೆಲ್ಡರ್, ಸಾಫ್ಟ್‌ವೇರ್ ಎಂಜಿನಿಯರ್, ಅನುವಾದಕಿ, ಗೋದಾಮಿನ ಲೆಕ್ಕದವ, ಹೀಗೆ. ಇವರಲ್ಲಿ ಹಲವರ ಕಂಪನಿಗಳು ನಿಂತಿರುವುದೇ ರಕ್ಷಣಾ ಇಲಾಖೆಯ ಗುತ್ತಿಗೆಗಳ ಮೇಲೆ. ಕ್ಲಿಯರೆನ್ಸ್ ಹೋದರೆ ಸಂಬಳ ಹೋಗುತ್ತದೆ, ಸಂಬಳ ಹೋದರೆ ಮನೆಯ ಕಂತು ನಿಲ್ಲುತ್ತದೆ. ಹಾಗಾಗಿ ಇದು ದೇಶಭಕ್ತಿಯ ಪ್ರಶ್ನೆಗಿಂತ ಹೆಚ್ಚಾಗಿ ಹೊಟ್ಟೆಪಾಡಿನ ಪ್ರಶ್ನೆ.

ಯಾರು ಅರ್ಹರು ಎಂದು ತೂಗಲು 13 ಮಾರ್ಗಸೂಚಿಗಳಿವೆ, ‘ಎ’ಯಿಂದ ‘ಎಂ’ವರೆಗೆ. ಈಗ ಜಾರಿಯಲ್ಲಿರುವ ರೂಪ 2017ರ ಜೂನ್ 8ರಂದು ಬಂದದ್ದು. ದೇಶನಿಷ್ಠೆ, ವಿದೇಶದ ನಂಟು, ಸಾಲಸೋಲ, ಮಾದಕ ದ್ರವ್ಯ, ಅಪರಾಧ ಎಲ್ಲಕ್ಕೂ ಒಂದೊಂದು ಅಕ್ಷರ. ಏಳನೆಯದಾದ ‘ಜಿ’ ಮದ್ಯಪಾನಕ್ಕೆ.

‘ಜಿ’ಯ ಧಾಟಿ ನಮ್ಮೂರ ಪಾನನಿರೋಧದ ಭಾಷಣದಂತಿಲ್ಲ. ಕುಡಿಯುವುದು ಪಾಪ ಎನ್ನುವುದಿಲ್ಲ ಅದು. ಸಂಜೆ ಒಂದು ಗ್ಲಾಸು ವೈನ್ ಕುಡಿಯುವವನ ಬಗ್ಗೆ ಅದಕ್ಕೆ ಚಿಂತೆಯೇ ಇಲ್ಲ. ಅದರ ವಾದ ಇಷ್ಟೇ: ಮಿತಿಮೀರಿ ಕುಡಿಯುವವರ ವಿವೇಕ ಕೈಕೊಡುತ್ತದೆ, ಮನಸ್ಸಿನ ಕಡಿವಾಣ ಸಡಿಲವಾಗುತ್ತದೆ, ಅಂಥವರ ಮೇಲೆ ಗುಟ್ಟಿನ ಭಾರ ಹೊರಿಸಬಹುದೇ ಎಂಬ ಅನುಮಾನ ಹುಟ್ಟುತ್ತದೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದು, ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ್ದು, ಕುಡಿದೇ ಕೆಲಸಕ್ಕೆ ಬಂದದ್ದು ಈ ಅನುಮಾನವನ್ನು ಗಟ್ಟಿ ಮಾಡುವ ಸಂಗತಿಗಳು. ಪೊಲೀಸರ ಕೈಗೆ ಸಿಕ್ಕಿರಲೇಬೇಕೆಂದಿಲ್ಲ. ವಿವೇಕ ತಪ್ಪುವಷ್ಟು ಕುಡಿಯುವ ರೂಢಿ ಇದ್ದರೂ ಸಾಕು.

ಇಲ್ಲಿಯವರೆಗೆ ಯಾರಿಗೂ ತಕರಾರಿರದು. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಕಲಮಿದೆ. ಅರ್ಹ ವೈದ್ಯರೋ ಮನಶ್ಶಾಸ್ತ್ರಜ್ಞರೋ ನಿಮಗೆ ಮದ್ಯವ್ಯಸನದ ಕಾಯಿಲೆ ಇದೆ ಎಂದು ಬರೆದುಕೊಟ್ಟರೆ ಆ ಚೀಟಿಯೇ ನಿಮ್ಮ ವಿರುದ್ಧದ ಒಂದು ಅಂಶ. ಈಗ ಅನುಮಾನವನ್ನು ಕರಗಿಸುವ ಅಂಶಗಳ ಕಡೆ ತಿರುಗಿ. ತೊಂದರೆ ಇದೆಯೆಂದು ಒಪ್ಪಿಕೊಂಡಿರಬೇಕು, ಚಿಕಿತ್ಸೆಗೆ ಹೋಗಿರಬೇಕು, ಅದನ್ನು ಮುಗಿಸಿರಬೇಕು, ವೈದ್ಯರು ಹೇಳಿದಂತೆ ಬಿಟ್ಟ ಅಥವಾ ಕಡಿಮೆ ಮಾಡಿದ ನಡೆ ಸ್ಪಷ್ಟವಾಗಿ ನೆಲೆಯೂರಿರಬೇಕು. ಹಾಗಾದರೆ ವೈದ್ಯರ ಕೋಣೆಯ ಬಾಗಿಲು ಒಂದೇ. ಒಳಗೆ ಹೋಗುವಾಗ ನಿಮ್ಮ ಕೈಗೆ ಸಿಗುವ ಚೀಟಿ ನಿಮ್ಮ ವಿರುದ್ಧ, ಹೊರಗೆ ಬರುವಾಗ ಸಿಗುವ ಚೀಟಿ ನಿಮ್ಮ ಪರ. ನಡುವಿನಲ್ಲಿ ತಿಂಗಳುಗಟ್ಟಲೆ ಕಾಲ. ಆ ನಡುವಿನಲ್ಲೇ ಯಾರಾದರೂ ವಿಚಾರಣೆಗೆ ಬಂದರೆ ಪಾಡು ಕಷ್ಟ. ಮೊದಲ ಸಲ ಚಿಕಿತ್ಸೆಗೆ ಹೋದವರಿಗೆ, ಹಿಂದೆ ಬಿಟ್ಟು ಮತ್ತೆ ಹಿಡಿದ ಇತಿಹಾಸ ಇಲ್ಲದವರಿಗೆ ಮಾತ್ರ ಅಲ್ಲೊಂದು ಸಣ್ಣ ರಿಯಾಯಿತಿ ಇದೆ. ಚಿಕಿತ್ಸೆ ನಡೆಯುತ್ತಿರುವಾಗಲೂ ಅದನ್ನು ಪರವಾಗಿ ಎಣಿಸಬಹುದು.

ಇನ್ನೊಂದು ಸೂಕ್ಷ್ಮವಿದೆ. 2006ರ ಹಳೆಯ ಮಾರ್ಗಸೂಚಿಯಲ್ಲಿ ಎರಡು ಜಾತಿ ಮಾಡಿದ್ದರು: ಮದ್ಯಕ್ಕೆ ದಾಸರಾದವರು ಪೂರ್ತಿ ಬಿಡಬೇಕು, ಮಿತಿಮೀರಿದವರು ಹದದಲ್ಲಿ ಕುಡಿದರೆ ಸಾಕು. ಆ ಹೊತ್ತಿಗೆ ವೈದ್ಯಕೀಯವೇ ಹಾಗೆ ಭಾಗ ಮಾಡುತ್ತಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆ ಗೋಡೆ ಕೆಡವಿ ಒಂದೇ ಕಾಯಿಲೆ ಮಾಡಿತು. ಹನ್ನೊಂದು ಲಕ್ಷಣಗಳಲ್ಲಿ ಎರಡು ಮೂರಿದ್ದರೆ ಸೌಮ್ಯ, ನಾಲ್ಕೈದಿದ್ದರೆ ಮಧ್ಯಮ, ಆರು ಅಥವಾ ಅದಕ್ಕೂ ಹೆಚ್ಚಿದ್ದರೆ ತೀವ್ರ. 2017ರ ಮಾರ್ಗಸೂಚಿ ಅದನ್ನೇ ಅನುಸರಿಸಿತು. ಎಷ್ಟು ಬಿಡಬೇಕೆಂಬ ಪ್ರಶ್ನೆ ಈಗ ವೈದ್ಯರ ಸಲಹೆಗೆ ಸೇರಿದ್ದು. ಕೇಳಲು ನ್ಯಾಯವಾಗಿದೆ. ಆದರೆ ಇದರ ಫಲ ವಿಚಿತ್ರ. ಪೂರ್ತಿ ಬಿಡು ಎಂದು ವೈದ್ಯರು ಬರೆದ ಮೇಲೆ, ಮಗಳ ಮದುವೆಯಲ್ಲಿ ಒಂದೇ ಒಂದು ಗ್ಲಾಸು ಎತ್ತಿದರೂ ಅದು ಕಡತಕ್ಕೆ ಹೋಗುವ ವಿಷಯ. ವೈದ್ಯರ ಹತ್ತಿರ ಕಾಲೇ ಇಡದ ಪಕ್ಕದ ಮೇಜಿನವರು ಅದೇ ಮದುವೆಯಲ್ಲಿ ನಾಲ್ಕು ಗ್ಲಾಸು ಖಾಲಿ ಮಾಡಿ ಕುಣಿದರೂ ಕೇಳುವವರಿಲ್ಲ. ವೈದ್ಯಕೀಯವಾಗಿ ಇದಕ್ಕೆ ಸಮರ್ಥನೆ ಇದೆ ಎನ್ನಿ. ಕಾಯಿಲೆ ಇರುವವರಿಗೆ ಒಂದು ಗ್ಲಾಸು ಒಂದಕ್ಕೇ ನಿಲ್ಲುವುದಿಲ್ಲ. ಆದರೂ ಮೊದಲು ವೈದ್ಯರ ಬಳಿ ಹೋದವರೇ ಬಿಗಿಯಾದ ಹಗ್ಗದಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದು ಸುಳ್ಳಲ್ಲ.

ಇವತ್ತು ಕುಡಿಯುವುದಿಲ್ಲ

ಗುತ್ತಿಗೆ ಕಂಪನಿಗಳ ನೌಕರರಿಗೆ ಅನುಮತಿ ನಿರಾಕರಿಸುವ ಮೊದಲು ರಕ್ಷಣಾ ಇಲಾಖೆ ಕಾರಣಗಳ ಪಟ್ಟಿ ಕಳಿಸುತ್ತದೆ. ಬೇಕೆಂದರೆ ಅವರು ಆಡಳಿತಾತ್ಮಕ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು. ಇದನ್ನು ನಡೆಸುವ ಕಚೇರಿಗೆ ಡೋಹಾ ಎಂದು ಚಿಕ್ಕ ಹೆಸರು. ಕತಾರಿನ ಊರಿಗೂ ಇದಕ್ಕೂ ಸಂಬಂಧವಿಲ್ಲ, ಬರೀ ಇಂಗ್ಲಿಷ್ ಮೊದಲಕ್ಷರಗಳ ಆಟ. ಅಲ್ಲಿ ನಿಯಮ ನಮ್ಮ ಕೋರ್ಟುಗಳಿಗೆ ತಿರುವುಮುರುವು. ಅನುಮಾನ ಉಳಿದರೆ ಅದರ ಲಾಭ ಅರ್ಜಿದಾರರಿಗಲ್ಲ, ದೇಶದ ಭದ್ರತೆಗೆ. ನಾನು ಬದಲಾಗಿದ್ದೇನೆ ಎಂದು ನಂಬಿಸುವ ಹೊಣೆ ಅರ್ಜಿದಾರರದ್ದೇ.

ನಂಬಿಸುವುದು ಹೇಗೆ? ಇಷ್ಟು ವರ್ಷ ಬಿಟ್ಟಿದ್ದರೆ ಸಾಕು ಎಂಬ ಅಂಕಿ ಮಾರ್ಗಸೂಚಿಯಲ್ಲಿ ಎಲ್ಲೂ ಇಲ್ಲ. ವೈದ್ಯರ ಪಂಚಾಂಗ ಬೇರೆ ಇದೆ: ಮೂರು ತಿಂಗಳು ಲಕ್ಷಣಗಳಿಲ್ಲದಿದ್ದರೆ ಆರಂಭದ ಚೇತರಿಕೆ, ಹನ್ನೆರಡು ತಿಂಗಳು ದಾಟಿದರೆ ನೆಲೆನಿಂತ ಚೇತರಿಕೆ. ನ್ಯಾಯಾಧೀಶರು ಇದನ್ನು ಗಮನಿಸುತ್ತಾರೆ, ಇದಕ್ಕೇ ಕಟ್ಟುಬೀಳುವುದಿಲ್ಲ. ಹತ್ತು ವರ್ಷ ಕುಡಿದು ಎಂಟು ತಿಂಗಳ ಹಿಂದೆ ಬಿಟ್ಟವರಿಗೂ, ಕಾಲೇಜಿನ ಕೊನೆಯ ವರ್ಷ ಒಂದು ಸಲ ಎಡವಿ ಎಂಟು ತಿಂಗಳಿಂದ ಮುಟ್ಟದವರಿಗೂ ಒಂದೇ ತಕ್ಕಡಿ ಆಗುವುದಿಲ್ಲವಲ್ಲ.

ಹಾಗಾಗಿ ಎಲ್ಲರೂ ಕಾಗದ ಹೊತ್ತು ಬರುತ್ತಾರೆ. ಚಿಕಿತ್ಸಾ ಕೇಂದ್ರದ ಪ್ರಮಾಣಪತ್ರ, ಆಪ್ತಸಲಹೆಗಾರರ ಪತ್ರ, ಮೇಲಧಿಕಾರಿಯ ಪತ್ರ. ರಕ್ತದಲ್ಲಿ ಕಳೆದ ಕೆಲವು ವಾರಗಳ ಮದ್ಯದ ಗುರುತು ಹಿಡಿಯುವ ಪೆತ್ ಎಂಬ ಪರೀಕ್ಷೆಯಿದೆ, ಅದರ ವರದಿ. ಹೆಂಡತಿಯೋ ಗಂಡನೋ ಬಂದು ನುಡಿಯುವ ಸಾಕ್ಷ್ಯ. ಕೆಲವರ ಕಡತದಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸ್ಪಾನ್ಸರ್ ಬರೆದ ಪತ್ರ. ಸ್ಪಾನ್ಸರ್ ಅಂದರೆ ಹಣ ಕೊಡುವವರಲ್ಲ. ತಾವೂ ಕುಡಿದು ಕೆಟ್ಟು, ಬಿಟ್ಟು, ಈಗ ಹೊಸಬರ ಕೈ ಹಿಡಿದು ನಡೆಸುವ ಹಿರಿಯರು.

ಈ ಸಂಘ ಹುಟ್ಟಿದ್ದು 1935ರಲ್ಲಿ, ಓಹಿಯೊ ರಾಜ್ಯದ ಅಕ್ರಾನ್‌ನಲ್ಲಿ. ಬಿಲ್ ವಿಲ್ಸನ್ ಎಂಬ ಷೇರುಪೇಟೆಯವನೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೂ, ಇಬ್ಬರೂ ಕುಡುಕರೇ, ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿಕೊಂಡದ್ದೇ ಬುನಾದಿ. ಅಲ್ಲಿ ಎರಡು ಕಟ್ಟಳೆಗಳು ಮುಖ್ಯ. ಒಂದು, ಹೆಸರು ಹೊರಗೆ ಹೋಗಬಾರದು. ಎರಡು, ಜೀವಮಾನವಿಡೀ ಕುಡಿಯುವುದಿಲ್ಲ ಎಂದು ಆಣೆ ಹಾಕಬೇಡ, ಇವತ್ತೊಂದು ದಿನ ಕುಡಿಯುವುದಿಲ್ಲ ಎನ್ನು. ನಾಳೆಯದು ನಾಳೆಗೆ. ಮಕ್ಕಳ ತಲೆ ಮುಟ್ಟಿ, ದೇವರ ಮುಂದೆ ಕರ್ಪೂರ ಹಚ್ಚಿ ಹಾಕಿದ ಆಣೆಗಳು ಮೂರನೇ ದಿನಕ್ಕೆ ಏನಾಗುತ್ತವೆ ಎಂಬುದನ್ನು ಕಂಡ ಮನೆಗಳವರಿಗೆ ಈ ಮಾತಿನ ಜಾಣತನ ಬಿಡಿಸಿ ಹೇಳಬೇಕಿಲ್ಲ.

ವಿಚಾರಣೆಯ ಕೋಣೆಗೆ ಈ ಎರಡು ಕಟ್ಟಳೆಗಳೂ ಒಗ್ಗುವುದಿಲ್ಲ. ಸರ್ಕಾರದ ವಕೀಲರು ಕೇಳಬೇಕಾದ್ದೇ ಎರಡು ಪ್ರಶ್ನೆ: ಕಡೆಯ ಸಲ ಕುಡಿದದ್ದು ಯಾವಾಗ? ಮುಂದೆ ಕುಡಿಯುವ ಇರಾದೆ ಏನು? ಮೊದಲನೆಯದಕ್ಕೆ ಸಂಘದವರು ತಾರೀಖು ಸಮೇತ ಉತ್ತರ ಕೊಡುತ್ತಾರೆ. ಹುಟ್ಟಿದ ದಿನ ಮರೆತರೂ ಆ ದಿನ ಮರೆಯುವವರಲ್ಲ. ಎರಡನೆಯದಕ್ಕೆ ಅವರ ಪಾಠದ ಪ್ರಕಾರ ಇರುವ ಪ್ರಾಮಾಣಿಕ ಉತ್ತರ ಒಂದೇ, ‘ಇವತ್ತು ಕುಡಿಯುವುದಿಲ್ಲ’. ಸರ್ಕಾರಕ್ಕೆ ಬೇಕಾದದ್ದು ನಾಳೆ. ಮುಂದೇನಾದೀತೆಂಬ ಅಂದಾಜೇ ಇಡೀ ವ್ಯವಹಾರ ಎಂದು ಈಗನ್ ತೀರ್ಪೇ ಹೇಳಿಬಿಟ್ಟಿದೆ. ಇನ್ನೆಂದೂ ಮುಟ್ಟುವುದಿಲ್ಲ ಎಂದು ಎದೆ ತಟ್ಟಿ ಹೇಳುವವರ ಮಾತು ಕಾಗದದ ಮೇಲೆ ಗಟ್ಟಿಯಾಗಿ ಕಾಣುತ್ತದೆ. ಕುಡಿತವನ್ನು ಬಲ್ಲವರಿಗೆ ಮಾತ್ರ ಮೆಲ್ಲಗೆ ಮಾತಾಡಿದವರ ಮೇಲೇ ನಂಬಿಕೆ ಹೆಚ್ಚು.

ಎದೆ ತಟ್ಟಿದವರ ಕಥೆಯೂ ಒಂದಿದೆ. 1989ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ರಕ್ಷಣಾ ಸಚಿವ ಸ್ಥಾನಕ್ಕೆ ಜಾನ್ ಟವರ್ ಹೆಸರು ಸೂಚಿಸಿದರು. ಸೆನೆಟ್‌ನ ಸಶಸ್ತ್ರಪಡೆಗಳ ಸಮಿತಿಗೇ ಅಧ್ಯಕ್ಷರಾಗಿದ್ದವರು. ಕುಡಿತದ ಆರೋಪ ಎದ್ದಾಗ ಟಿವಿಯಲ್ಲಿ ಕುಳಿತು, ಸಚಿವನಾದರೆ ಒಂದು ತೊಟ್ಟೂ ಕುಡಿಯುವುದಿಲ್ಲವೆಂದು ಮಾತು ಕೊಟ್ಟರು. ಮಾರ್ಚ್ 9ರಂದು ಅವರದೇ ಸೆನೆಟ್ 53-47 ಮತಗಳಿಂದ ಅವರನ್ನು ತಿರಸ್ಕರಿಸಿತು. ರಾಜಕೀಯ ಲೆಕ್ಕಾಚಾರ ಅದರಲ್ಲಿ ಧಾರಾಳವಾಗಿತ್ತು. ಆದರೂ ಒಂದು ಮಾತು: ಕೆಲಸ ಸಿಕ್ಕರೆ ಬಿಡುತ್ತೇನೆ ಎಂಬುದು ಬಿಟ್ಟಿದ್ದೇನೆ ಎಂಬುದಕ್ಕೆ ಸಮವಲ್ಲ. ಅಂದಹಾಗೆ, ಅವರಿಗೆ ಮತ ಹಾಕಿದ, ಹಾಕದ ಆ ನೂರು ಸೆನೆಟರುಗಳಲ್ಲಿ ಯಾರೂ ಕ್ಲಿಯರೆನ್ಸಿನ ಅರ್ಜಿ ತುಂಬಬೇಕಿಲ್ಲ. ಜನ ಆರಿಸಿದರೆ ಸಾಕು, ಗುಟ್ಟಿನ ಬಾಗಿಲು ತೆರೆಯುತ್ತದೆ.

ಹ್ಯೂಸ್ ಬರೆದ ಕಾನೂನು

ಹೆರಾಲ್ಡ್ ಹ್ಯೂಸ್ ಅಯೋವಾ ರಾಜ್ಯದ ಲಾರಿ ಚಾಲಕ, ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದವರು, ಕುಡುಕ. 1952ರಲ್ಲೊಂದು ದಿನ ಬಂದೂಕು ಹಿಡಿದು ಬಚ್ಚಲ ತೊಟ್ಟಿಯಲ್ಲಿ ಮಲಗಿ ಸಾಯಲು ಹೊರಟವರು ಅಲ್ಲಿಂದ ಎದ್ದು ಬಂದರು, ಕುಡಿತ ಬಿಟ್ಟರು. ಹತ್ತು ವರ್ಷದಲ್ಲಿ ಅದೇ ರಾಜ್ಯದ ಗವರ್ನರ್, ಆಮೇಲೆ ಸೆನೆಟರ್. ತಾನು ಕುಡುಕನಾಗಿದ್ದೆ ಎಂಬುದನ್ನು ಅವರು ಬಚ್ಚಿಡಲಿಲ್ಲ. 1969ರಲ್ಲಿ ಕುಡಿತದ ಬಗ್ಗೆ ಸೆನೆಟ್‌ನಲ್ಲಿ ವಿಚಾರಣೆ ನಡೆಸಿದರು. ಆಸ್ಕರ್ ಗೆದ್ದ ನಟಿ ಮರ್ಸಿಡಿಸ್ ಮೆಕೇಂಬ್ರಿಜ್ ಬಂದು ತನ್ನ ಹೆಸರಿನಲ್ಲೇ, ಎಲ್ಲರೆದುರು ತನ್ನ ವ್ಯಸನದ ಕಥೆ ಹೇಳಿದಳು. ಬಿಲ್ ವಿಲ್ಸನ್ ಕೂಡ ಬಂದು ಸಾಕ್ಷ್ಯ ಹೇಳಿದರು, ಕ್ಯಾಮೆರಾಗಳಿಗೆ ಮುಖ ಕೊಡದೆ.

ಈ ವಿಚಾರಣೆಗಳಿಂದ ಹುಟ್ಟಿದ ಕಾನೂನಿಗೆ ಅಧ್ಯಕ್ಷ ನಿಕ್ಸನ್ 1970ರ ಡಿಸೆಂಬರ್ 31ರಂದು ಸಹಿ ಹಾಕಿದರು. ಮದ್ಯವ್ಯಸನ ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು ಎಂದು ಅಮೆರಿಕದ ಸರ್ಕಾರ ಗಟ್ಟಿಯಾಗಿ ಒಪ್ಪಿಕೊಂಡದ್ದು ಅಲ್ಲಿ. ಹಿಂದೆ ಕುಡುಕನಾಗಿದ್ದ ಎಂಬ ಒಂದೇ ಕಾರಣಕ್ಕೆ ಯಾರಿಗೂ ಕೇಂದ್ರ ಸರ್ಕಾರದ ನಾಗರಿಕ ಕೆಲಸ ನಿರಾಕರಿಸುವಂತಿಲ್ಲ ಎಂದೂ ಅದರಲ್ಲಿ ಬರೆದರು. ಬರೆದು ಅದರ ಬೆನ್ನಿಗೇ, ಇದು ಸಿಐಎ, ಎಫ್‌ಬಿಐ, ಎನ್‌ಎಸ್‌ಎಗಳಿಗೂ ಅಧ್ಯಕ್ಷರು ಭದ್ರತೆಯ ನೆಲೆಯಲ್ಲಿ ಹೆಸರಿಸುವ ಇತರ ಇಲಾಖೆಗಳಿಗೂ ಸೂಕ್ಷ್ಮ ಹುದ್ದೆಗಳಿಗೂ ಅನ್ವಯಿಸುವುದಿಲ್ಲ ಎಂದರು.

ಕುಡಿತದ ನರಕ ಕಂಡು ಬಂದವರ ಕೈಯಿಂದಲೇ ಬಂದ ಕಾನೂನಿಗೂ ಗುಟ್ಟಿನ ಬಾಗಿಲ ಹತ್ತಿರ ಬಂದಾಗ ಕಾಲು ತಡವರಿಸಿತು. ಎರಡು ವರ್ಷವೂ ತುಂಬದೆ ಮುಗಿದ ಈಗನ್ ಕೆಲಸದ ಕಥೆ ಆ ಹೊಸ್ತಿಲಲ್ಲೇ ಶುರುವಾದದ್ದು ಎಂದರೂ ನಡೆದೀತು.

ಬಿಳಿ ಹಾಳೆಯ ಮುಂದೆ

ಕ್ಲಿಯರೆನ್ಸ್ ಬೇಕಾದವರು ತುಂಬುವ ಅರ್ಜಿಯ ಹೆಸರು ಎಸ್‌ಎಫ್-86. ನೂರು ಪುಟ ಮೀರಿದ ಅರ್ಜಿ. ವಾಸವಿದ್ದ ಮನೆಗಳು, ಹೋಗಿ ಬಂದ ದೇಶಗಳು, ಸಾಲಗಳು, ವಿದೇಶದ ನೆಂಟರು, ಬಿಟ್ಟುಹೋದ ಗಂಡ ಹೆಂಡತಿಯರು. ಅದರ 24ನೇ ಭಾಗ ಮದ್ಯದ್ದು. ಕಳೆದ ಏಳು ವರ್ಷಗಳಲ್ಲಿ ಕುಡಿತ ನಿಮ್ಮ ಕೆಲಸಕ್ಕೆ, ಸಂಬಂಧಗಳಿಗೆ, ಹಣಕಾಸಿಗೆ ಪೆಟ್ಟು ಕೊಟ್ಟಿದೆಯೇ? ಚಿಕಿತ್ಸೆ ಪಡೆಯಲು ಯಾರಾದರೂ ಹೇಳಿದ್ದರೇ? ನೀವಾಗಿಯೇ ಹೋಗಿದ್ದಿರೇ? ಇದಕ್ಕೂ ಮೊದಲು 22ನೇ ಭಾಗದಲ್ಲಿ ಪೊಲೀಸ್ ದಾಖಲೆಯ ಪ್ರಶ್ನೆಗಳು. ಮದ್ಯ ಅಥವಾ ಮಾದಕ ದ್ರವ್ಯದ ಪ್ರಕರಣವಾದರೆ ಅಲ್ಲಿ ಏಳು ವರ್ಷದ ಮಿತಿಯೂ ಇಲ್ಲ. ಎಂದಾದರೂ ಆರೋಪ ಬಂದಿತ್ತೇ ಎಂಬುದೇ ಪ್ರಶ್ನೆ.

ಎಪ್ಪತ್ತರ ದಶಕದ ಕಾನೂನುಗಳು ವ್ಯಸನ ಚಿಕಿತ್ಸೆಯ ಕಡತಗಳಿಗೆ ಬೇರೆ ಕಾಯಿಲೆಗಳಿಗಿಲ್ಲದ ಗೋಪ್ಯತೆ ಕೊಟ್ಟವು. ಹೆಸರು ಹೊರಬಿದ್ದೀತೆಂಬ ಹೆದರಿಕೆಗೆ ಜನ ಆಸ್ಪತ್ರೆಗೆ ಬಾರದೇ ಉಳಿಯಬಾರದೆಂಬ ಕಾಳಜಿ. ಕ್ಲಿಯರೆನ್ಸಿನ ಅರ್ಜಿದಾರರು ತಮ್ಮ ಕಡತ ತೋರಿಸಲು ಒಪ್ಪಿಗೆ ಎಂದು ತಾವೇ ಸಹಿ ಹಾಕಿಕೊಡುತ್ತಾರೆ.

ವರ್ಜೀನಿಯಾ, ಮೇರಿಲ್ಯಾಂಡ್‌ಗಳ ರಕ್ಷಣಾ ಕಂಪನಿಗಳಲ್ಲಿ ಕೆಲಸ ಮಾಡುವ ಭಾರತೀಯ ಮೂಲದ ಅಮೆರಿಕನ್ನರಲ್ಲಿ ಕನ್ನಡದ ಮನೆಗಳವರೂ ಇದ್ದಾರೆ. ಎಚ್-1ಬಿ ವೀಸಾದವರಿಗೆ ಈ ಬಾಗಿಲು ಮುಚ್ಚಿದ್ದು. ಅದು ಪ್ರಜೆಗಳಿಗೆ ಮೀಸಲು. ಅಲ್ಲೇ ಹುಟ್ಟಿ ಬೆಳೆದ ಮಗ ಮೊದಲ ಕೆಲಸಕ್ಕೆ ಈ ಅರ್ಜಿ ಹಿಡಿದು ಕೂರುತ್ತಾನೆ ಎಂದಿಟ್ಟುಕೊಳ್ಳಿ. ಇಪ್ಪತ್ತೊಂದು ತುಂಬುವ ಮೊದಲು ಬಿಯರ್ ಹಿಡಿದು ಸಿಕ್ಕಿಬಿದ್ದದ್ದು, ಅಲ್ಲಿ ಡಿಯುಐ ಎನ್ನುವ, ಕುಡಿದು ಕಾರು ಓಡಿಸಿದ ಒಂದು ಕೇಸು. ನಮ್ಮ ಅಪ್ಪ ಅಮ್ಮಂದಿರ ಮೊದಲ ಮಾತು ಏನಿರುತ್ತದೆಂದು ಊಹಿಸುವುದು ಕಷ್ಟವಲ್ಲ: ‘ಅದನ್ನೆಲ್ಲ ಯಾಕೋ ಬರೀತೀಯಾ? ಯಾರಿಗೆ ಗೊತ್ತಾಗತ್ತೆ?’ ಮರ್ಯಾದೆ ಉಳಿಸುವ ಮಾತು ಅದು. ನಮ್ಮಲ್ಲಿ ಕುಡಿತದ ವಿಷಯ ಅಡುಗೆಮನೆಯ ಬಾಗಿಲು ದಾಟುವುದಿಲ್ಲ. ಚಿಕಿತ್ಸೆಗೆ ಸೇರಿಸಿದ್ದರೂ ನೆಂಟರಿಗೆ ಹೇಳುವುದು ‘ಲಿವರ್ ಸ್ವಲ್ಪ ಸರಿಯಿಲ್ಲ’ ಎಂದೇ.

ಕೆಟ್ಟ ಸಲಹೆ ಎಂದರೆ ಇದೇ. ಪೊಲೀಸ್ ದಾಖಲೆ ತನಿಖೆಯವರ ಕೈಗೆ ಮೊದಲ ದಿನವೇ ಸಿಗುತ್ತದೆ. ಬರೆದಿದ್ದರೆ ಅದು ‘ಜಿ’ಯ ಪ್ರಶ್ನೆ, ಹುಡುಗುತನ, ಒಂದೇ ಸಲ, ಆಮೇಲೆ ಆಗಿಲ್ಲ ಎಂಬ ಉತ್ತರಕ್ಕೆ ಅಲ್ಲಿ ಜಾಗವಿದೆ. ಬಚ್ಚಿಟ್ಟರೆ ಅದು ‘ಇ’ಯ ಪ್ರಶ್ನೆ, ಅಂದರೆ ನಡತೆ ಮತ್ತು ಸತ್ಯದ್ದು. ಕುಡಿತಕ್ಕೆ ಚಿಕಿತ್ಸೆ ಇದೆ, ಸುಳ್ಳಿಗೆ ಯಾವ ಕೇಂದ್ರದವರೂ ಪ್ರಮಾಣಪತ್ರ ಕೊಡುವುದಿಲ್ಲ. ಬೇಕೆಂದೇ ಸುಳ್ಳು ಬರೆದರೆ ಐದು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಕೇಂದ್ರ ಕಾನೂನು ಬೇರೆ ಇದೆ. ಈಗನ್ ಕಡತವನ್ನೇ ಮತ್ತೆ ತೆರೆದು ನೋಡಿ, ಕುಡಿತದ ಪಕ್ಕದಲ್ಲೇ ಅರ್ಜಿಯಲ್ಲಿ ಹೇಳದೆ ಬಿಟ್ಟ ಎರಡು ಶಿಕ್ಷೆಗಳಿವೆ. ಕುಡಿತವನ್ನು ಹೇಳಿದ್ದ, ಬಂದೂಕನ್ನು ಹೇಳಿರಲಿಲ್ಲ.

ಇಬ್ಬರು ಕುಡುಕರು, ಎರಡು ತಪ್ಪುಗಳು

ಈ ನಿಯಮಗಳೆಲ್ಲ ಯಾಕೆ ಎಂದು ಕೇಳಿದರೆ ಅಮೆರಿಕದವರು ಹೇಳುವ ಹೆಸರು ಆಲ್ಡ್ರಿಕ್ ಏಮ್ಸ್. ಸಿಐಎಯ ಒಳಗಿದ್ದು 1985ರಿಂದ ಸೋವಿಯೆತ್ ಒಕ್ಕೂಟಕ್ಕೆ ಗುಟ್ಟು ಮಾರಿದವ. ಆತನಿಂದಾಗಿ ಹತ್ತು ಜನ ಪ್ರಾಣ ಕಳೆದುಕೊಂಡರು. ಸಿಕ್ಕಿಬಿದ್ದದ್ದು 1994ರ ಫೆಬ್ರುವರಿ 21ರಂದು. ಆತನ ಕುಡಿತ ಗುಟ್ಟೇ ಆಗಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಹೋಗಿ ಕುಡಿದು ಬಂದು ಮೇಜಿನ ಮೇಲೆ ನಿದ್ದೆ. 1976ರಲ್ಲಿ ನ್ಯೂಯಾರ್ಕ್‌ನ ಸಬ್‌ವೇ ರೈಲಿನಲ್ಲಿ ರಹಸ್ಯ ಕಾಗದಗಳ ಚೀಲವನ್ನೇ ಬಿಟ್ಟು ಇಳಿದುಹೋಗಿದ್ದ. ಮೆಕ್ಸಿಕೊದಲ್ಲಿ ರಾಜತಾಂತ್ರಿಕರ ಕೂಟದಲ್ಲಿ ಕುಡಿದು ಕ್ಯೂಬಾದ ಅಧಿಕಾರಿಯೊಂದಿಗೆ ಜಗಳ. 1983ರಲ್ಲಿ ಅಲ್ಲಿನ ಮೇಲಧಿಕಾರಿ ಈತನಿಗೆ ಆಪ್ತಸಲಹೆ ಬೇಕೆಂದು ಬರೆದರು. ಆದದ್ದು ಒಂದೇ ಒಂದು ಮಾತುಕತೆ. ಆಮೇಲೆ ರೋಮ್‌ಗೆ ವರ್ಗ. ಅಲ್ಲಿ ರಾಯಭಾರ ಕಚೇರಿಯ ಕೂಟವೊಂದರಿಂದ ಹೊರಟವ ಬೀದಿಯಲ್ಲಿ ಬಿದ್ದು ಮಾರನೇ ದಿನ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ. ಆದರೂ ಕ್ಲಿಯರೆನ್ಸಿಗೆ ಒಂದು ಗೀರೂ ಬೀಳಲಿಲ್ಲ. ಸಹೋದ್ಯೋಗಿಗಳಲ್ಲೂ ಕುಡಿಯುವವರಿದ್ದರು, ಒಬ್ಬನ ಕುಡಿತ ಎದ್ದು ಕಾಣಲಿಲ್ಲ.

ಈ ಕಥೆಯ ಜೊತೆ ಎಡ್ವರ್ಡ್ ಲೀ ಹೊವಾರ್ಡ್ ಕಥೆಯನ್ನೂ ಓದಬೇಕು. ಅಷ್ಟಾಗಿ ಯಾರೂ ಓದುವುದಿಲ್ಲ. ಸಿಐಎ ಈತನನ್ನು ಮಾಸ್ಕೊಗೆ ಕಳಿಸಲೆಂದು ತಯಾರು ಮಾಡಿತ್ತು. ಅಲ್ಲಿನ ಗುಟ್ಟಿನ ಮೂಲಗಳನ್ನೂ ಹೇಳಿಕೊಟ್ಟಿತ್ತು. 1983ರಲ್ಲಿ ಸುಳ್ಳುಪತ್ತೆ ಪರೀಕ್ಷೆಯಲ್ಲಿ ಮಾದಕ ದ್ರವ್ಯ, ಸಣ್ಣ ಕಳವು, ಕುಡಿತ ಎಲ್ಲ ಹೊರಬಿದ್ದವು. ತಕ್ಷಣ ಕೆಲಸದಿಂದ ತೆಗೆದುಹಾಕಿದರು. ನಿಯಮದ ಪ್ರಕಾರ ಸರಿ. ಆದರೆ ತಲೆಯಲ್ಲಿದ್ದ ಗುಟ್ಟುಗಳನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲವಲ್ಲ. ನ್ಯೂ ಮೆಕ್ಸಿಕೊಗೆ ಹೋದ ಹೊವಾರ್ಡ್‌ನ ಕುಡಿತ ಇನ್ನಷ್ಟು ಏರಿತು. 1984ರಲ್ಲಿ ಸಾಂಟಾ ಫೆ ಊರಿನಲ್ಲಿ ಜಗಳವಾಡಿ ಬಂದೂಕು ಹಾ­ರಿಸಿದ. 1985ರಲ್ಲಿ ಎಫ್‌ಬಿಐ ಕಾವಲು ಕಾಯುತ್ತಿದ್ದಾಗ, ಹೆಂಡತಿ ಓಡಿಸುತ್ತಿದ್ದ ಕಾರಿನಿಂದ ಹಾರಿ, ತನ್ನ ಸೀಟಿನಲ್ಲಿ ಬೊಂಬೆ ಕೂರಿಸಿ ಪರಾರಿಯಾದ. ಕೊನೆಗೆ ತೇಲಿದ್ದು ಮಾಸ್ಕೊದಲ್ಲಿ.

ಏಮ್ಸ್‌ನನ್ನು ನೋಡಿಯೂ ನೋಡದಂತೆ ಇಟ್ಟುಕೊಂಡರು, ಹೊವಾರ್ಡ್‌ನನ್ನು ನೋಡಿದ ಕೂಡಲೇ ಬೀದಿಗೆ ತಳ್ಳಿದರು. ಕುಡಿತವೇ ಇಬ್ಬರನ್ನೂ ದ್ರೋಹಿಗಳನ್ನಾಗಿ ಮಾಡಿತು ಎನ್ನಲಾಗದು. ಏಮ್ಸ್‌ಗೆ ಹಣ ಬೇಕಿತ್ತು, ಹೊವಾರ್ಡ್‌ಗೆ ಸೇಡು. ಆದರೆ ಇಬ್ಬರಲ್ಲಿ ಒಬ್ಬರನ್ನೂ ಯಾರೂ ಕೂರಿಸಿ ಚಿಕಿತ್ಸೆ ಮಾಡಿಸಿ, ಗುಣವಾದನೇ ಎಂದು ವರ್ಷಗಟ್ಟಲೆ ಬೆನ್ನು ಹತ್ತಲಿಲ್ಲ. ‘ಜಿ’ ಮಾರ್ಗಸೂಚಿಯ ಒಳ್ಳೆಯ ಭಾಗ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಬಿಟ್ಟವರನ್ನು ಬಿಟ್ಟವರೆಂದು ಗುರುತಿಸಲು ಅದು ಒಂದು ದಾರಿ ಇಟ್ಟಿದೆ.

ಆ ದಾರಿಗೆ ಹೆಜ್ಜೆ ಇಡುವ ಧೈರ್ಯ ಎಷ್ಟು ಜನಕ್ಕಿದೆ ಎಂಬುದು ಬೇರೆ ಮಾತು. ಟಾಪ್ ಸೀಕ್ರೆಟ್ ಹಂತದವರು ಮದ್ಯಕ್ಕೆ ಚಿಕಿತ್ಸೆ ಪಡೆದರೆ ತಾವಾಗಿ ತಿಳಿಸಬೇಕೆಂದು 2017ರಿಂದ ನಿಯಮವಿದೆ. ಹಿಂದೆ ಐದು ಅಥವಾ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಮರುತನಿಖೆಯ ಜಾಗಕ್ಕೆ ಈಗ ಸದಾ ಕಣ್ಣಿಡುವ ವ್ಯವಸ್ಥೆ ಬಂದಿದೆ. ಶನಿವಾರ ರಾತ್ರಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ ಮರುತನಿಖೆಯವರೆಗೆ ಕಾಯಬೇಕಿಲ್ಲ, ಸುದ್ದಿ ತಾನಾಗಿ ತಲುಪುತ್ತದೆ. ಅರ್ಜಿಯಲ್ಲಿ, ತರಬೇತಿಯಲ್ಲಿ, ಎಲ್ಲೆಡೆ ಒಂದೇ ಮಾತು: ಸಹಾಯ ಕೇಳುವುದು ಒಳ್ಳೆಯದೆಂದೇ ಪರಿಗಣಿಸುತ್ತೇವೆ. ಮಾತು ಸುಳ್ಳಲ್ಲ. ಆದರೆ ಸೋಮವಾರ ಬೆಳಿಗ್ಗೆ ಮೇಲಧಿಕಾರಿಯ ಕೋಣೆಯ ಬಾಗಿಲು ತಟ್ಟುವವರಿಗೆ ಮನೆಯ ಕಂತು ಮೊದಲು ನೆನಪಾಗುತ್ತದೆ. ತಟ್ಟದೆ ಹಿಂದಿರುಗಿದವರು ಎಷ್ಟು ಜನ ಎಂಬುದಕ್ಕೆ ಕಡತ ಎಲ್ಲಿಂದ ಬರಬೇಕು?

ತಟ್ಟಿದವರ ಕಡತಗಳು ಮಾತ್ರ ಇವೆ. ಡೋಹಾದ ತೀರ್ಪುಗಳನ್ನು ಯಾರು ಬೇಕಾದರೂ ಓದಬಹುದು, ಸಾವಿರಗಟ್ಟಲೆ ಇವೆ. ಈಗನ್‌ಗೆ ಇರದಿದ್ದ ಒಂದು ಅನುಕೂಲ ಇವರಿಗಿದೆ. ಬಿಟ್ಟಿದ್ದು ನಿಜವೇ ಎಂಬುದನ್ನು ಒಬ್ಬ ನ್ಯಾಯಾಧೀಶ ಕುಳಿತು ಕೇಳುತ್ತಾನೆ. ಮೊದಲ ಬಿಯರ್ ಕುಡಿದ ವಯಸ್ಸು, ಮದುವೆ ಮುರಿದ ವರ್ಷ, ಪೊಲೀಸರು ಊದಿಸಿದಾಗ ಬಂದ ಅಂಕಿ, ಕಡೆಯ ಗ್ಲಾಸಿನ ತಾರೀಖು, ಎಲ್ಲ ಅಲ್ಲಿ ಬರೆದಿರುತ್ತದೆ. ಅರ್ಜಿದಾರರ ಹೆಸರೊಂದನ್ನು ಅಳಿಸಿರುತ್ತಾರೆ. ಅಕ್ರಾನ್‌ನಿಂದ ಬಂದ ಸಂಘದಲ್ಲಿ ಮೊದಲ ಹೆಸರಾದರೂ ಉಳಿಯುತ್ತದೆ, ಇಲ್ಲಿ ಅದೂ ಇಲ್ಲ. ಪ್ರಕರಣದ ಸಂಖ್ಯೆ, ‘ಅರ್ಜಿದಾರ’ ಎಂಬ ಒಂದು ಪದ, ಅಷ್ಟೇ. ಕೊನೆಯ ಪುಟದಲ್ಲಿ ಸರ್ಕಾರ ಹೊರಿಸಿದ ಒಂದೊಂದು ಆರೋಪದ ಎದುರೂ ಒಂದೊಂದು ಸಾಲು. ಕುಡಿದು ಕಾರು ಓಡಿಸಿದ್ದು, ಅರ್ಜಿದಾರನ ಪರ. ಚಿಕಿತ್ಸೆಯ ಸಲಹೆ ಮೀರಿದ್ದು, ಅರ್ಜಿದಾರನ ವಿರುದ್ಧ.